ಊರಿನ ಬೀರನ ಕಲ್ಲು ಓದುವುದು ಹೇಗೆ?

ಸಿದ್ದಾಪುರದ ಕಡೆಯ ನಮ್ಮ ತೋಟಕ್ಕೆ ಇಳಿಯುವ ದಾರಿಯಲ್ಲಿ, ಹಳ್ಳದ ಸಂಕ ದಾಟಿದ ಕೂಡಲೇ ಒಂದು ಕಲ್ಲಿತ್ತು. ಸೊಂಟದೆತ್ತರ, ಒಂದು ಬದಿಗೆ ವಾಲಿದ್ದು, ಮೈತುಂಬ ಹಾವಸೆ. “ಇದೆಂತ ಕಲ್ಲು ಅಜ್ಜಾ?” ಎಂದರೆ ಅಜ್ಜನ ಉತ್ತರ ಒಂದೇ: “ಬೀರನ ಕಲ್ಲು ತಮಾ, ಮುಟ್ಟಡ.” ದೊಡ್ಡಹಬ್ಬದ, ಅಂದರೆ ದೀಪಾವಳಿಯ ಬೆಳಿಗ್ಗೆ ಕೊಟ್ಟಿಗೆಯ ದನ ಬಿಡುವ ಮೊದಲು ಅದಕ್ಕೊಂದು ಕಾಯಿ, ಚಿಟಿಕೆ ಕುಂಕುಮ. ಉಳಿದ ದಿನ ಅದರ ಗೊಡವೆ ಯಾರಿಗೂ ಇರಲಿಲ್ಲ.

ಎಷ್ಟೋ ವರ್ಷದ ಮೇಲೆ, ಮಳೆ ಬಿಟ್ಟ ಒಂದು ಸಂಜೆ, ಇಳಿಬಿಸಿಲು ಅಡ್ಡಲಾಗಿ ಬಿದ್ದಾಗ ಕಲ್ಲಿನ ಕೆಳಭಾಗ ಕಣ್ಣಿಗೆ ಬಿತ್ತು. ಸಾಲಾಗಿ ನಾಲ್ಕು ದನ, ಹಿಂದಿರುಗಿ ನೋಡುವ ಒಂದು ಕರು. ಅವುಗಳ ಹಿಂದೆ ಬಿಲ್ಲು ಎಳೆದು ನಿಂತ ಒಬ್ಬ ಹುಡುಗ. ದನ ಕಾಯಲು ಹೋಗಿ ಸತ್ತವನ ವೀರಗಲ್ಲು ಅದು. ಅಜ್ಜನಿಗೆ ಆ ಕಥೆ ಗೊತ್ತಿರಲಿಲ್ಲ. ಆದರೆ ಕಾಯಿ ಒಡೆಯುವ ದಿನ ಮಾತ್ರ ಸರಿಯಾಗಿಯೇ ಇತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಬೆಟ್ಟದ ಅಂಚಿನಲ್ಲಿ ಇಂಥ ಕಲ್ಲು ನಿಮಗೂ ಎದುರಾಗಿರಬಹುದು. ಅದನ್ನು ಓದಲು ಪಂಡಿತರೇ ಆಗಬೇಕಿಲ್ಲ. ಎಲ್ಲಿಂದ ಶುರು ಮಾಡಬೇಕು, ಯಾವ ಗುರುತಿಗೆ ಏನರ್ಥ ಎಂದು ಗೊತ್ತಿದ್ದರೆ ಅರ್ಧ ಗಂಟೆಯಲ್ಲಿ ಒಬ್ಬ ಹುಡುಗನ ಕೊನೆಯ ದಿನ ತೆರೆದುಕೊಳ್ಳುತ್ತದೆ.

ಮೊದಲು ಕಲ್ಲಿನ ಜಾತಿ ನೋಡಿ

ನಮ್ಮ ನೆಲದ್ದು ಚಿರೆಕಲ್ಲು. ಮನೆ ಕಟ್ಟಲು, ಪಾಗಾರ ಹಾಕಲು ಒಳ್ಳೆಯದು, ನಯವಾದ ಕೆತ್ತನೆಗೆ ಬಾರದು. ಆದ್ದರಿಂದ ಸುತ್ತ ಎಲ್ಲ ಕೆಂಪು ಕಲ್ಲಿರುವಲ್ಲಿ ಕಪ್ಪು ಅಥವಾ ಬೂದು ಬಣ್ಣದ ಒಂದೇ ಚಪ್ಪಡಿ ನಿಂತಿದ್ದರೆ ಅದನ್ನು ಯಾರೋ ಹೊತ್ತು ತಂದು ನಿಲ್ಲಿಸಿದ್ದಾರೆ ಎಂದರ್ಥ. ಒಂದು ಸಾವಿಗಾಗಿ ಇಷ್ಟು ಖರ್ಚು ಮಾಡಿದ್ದಾರೆ ಎಂಬುದೇ ಮೊದಲ ಮಾಹಿತಿ.

ನಿಂತ ಕಲ್ಲೆಲ್ಲ ವೀರಗಲ್ಲಲ್ಲ. ಮೊಣಕೈ ಮಡಚಿ ಮೇಲೆತ್ತಿದ, ಬಳೆ ತೊಟ್ಟ ಒಂದು ಕೈ ಎದ್ದು ಕಾಣುತ್ತಿದ್ದರೆ ಅದು ಮಾಸ್ತಿಕಲ್ಲು, ಗಂಡನ ಚಿತೆ ಏರಿದ ಹೆಂಗಸಿನ ನೆನಪು. ಕಾಳಗವೇ ಇಲ್ಲದೆ, ಜಿನನ ಬಿಂಬದ ಕೆಳಗೆ ಒಬ್ಬರು ಶಾಂತವಾಗಿ ಕುಳಿತಿದ್ದರೆ ಅದು ನಿಸಿಧಿ, ಜೈನರು ಸಲ್ಲೇಖನದಿಂದ ದೇಹ ಬಿಟ್ಟ ಗುರುತು. ಸ್ವಾದಿ, ಬಿಳಗಿಯಂಥ ಜೈನ ನೆಲೆಗಳಿರುವ ಸೀಮೆಯಲ್ಲಿ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ಚಿತ್ರ ಕಡಿಮೆ, ಅಕ್ಷರ ಹೆಚ್ಚು, ಮೇಲೆ ಲಿಂಗ, ಹಸು-ಕರು, ಖಡ್ಗ ಇದ್ದರೆ ಭೂಮಿ ಬಿಟ್ಟುಕೊಟ್ಟ ದಾನಶಾಸನ. ಅಂತಸ್ತು ಅಂತಸ್ತಾಗಿ ಚಿತ್ರ, ಕೆಳಗಿನ ಅಂತಸ್ತಿನಲ್ಲಿ ಹೊಡೆದಾಟ ಇದ್ದರೆ ಮಾತ್ರ ವೀರಗಲ್ಲು.

ಹುಡುಗ ಕತ್ತಿ ಹಿಡಿದದ್ದು ಹೇಗೆ

ಕಲ್ಲಿನಲ್ಲಿರುವುದು ಕೊನೆಯ ದಿನ. ಅದಕ್ಕೂ ಮುಂಚಿನ ಬದುಕು ತಿಳಿಯದೆ ಕಲ್ಲು ಅರ್ಥವಾಗದು.

ಯುರೋಪಿನ ಮಧ್ಯಯುಗದ ಕಥೆಗಳಲ್ಲಿ ಹುಡುಗ ಕತ್ತಿ ಹಿಡಿಯುವುದಕ್ಕೊಂದು ಸಿದ್ಧ ಕ್ರಮ ಕಾಣುತ್ತದೆ. ಏಳರ ಹೊತ್ತಿಗೆ ಹುಡುಗ ದೊರೆಯ ಮನೆ ಸೇರುತ್ತಾನೆ. ಹದಿನಾಲ್ಕಕ್ಕೆ ಯೋಧನ ಗುರಾಣಿ ಹೊರುವ ಆಳಾಗುತ್ತಾನೆ. ಇಪ್ಪತ್ತೊಂದರ ಸುಮಾರಿಗೆ ಸ್ವಂತ ಕತ್ತಿ ಕಟ್ಟಿಕೊಳ್ಳುತ್ತಾನೆ. 1095ರಲ್ಲಿ ಅಲ್ಲಿ ಮೊದಲ ಧರ್ಮಯುದ್ಧದ ಕರೆ ಹೊರಟಾಗ ಇಂಥ ಎಷ್ಟೋ ಹುಡುಗರು ಯಜಮಾನನ ಹಿಂದೆ ಜೆರುಸಲೇಮಿನ ದಾರಿ ಹಿಡಿದರು. ಅದೇ ಹೊತ್ತಿಗೆ ಕಲ್ಯಾಣದಲ್ಲಿ ಆಳುತ್ತಿದ್ದವನು ಆರನೇ ವಿಕ್ರಮಾದಿತ್ಯ. ನಮ್ಮ ಸೀಮೆ ಆಗ ‘ಬನವಾಸಿ ಪನ್ನಿರ್ಚ್ಛಾಸಿರ’, ಅಂದರೆ ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿನಲ್ಲಿತ್ತು. ವಿಕ್ರಮಾದಿತ್ಯ ಪಟ್ಟಕ್ಕೆ ಬರುವ ಮೊದಲು, ಯುವರಾಜನ ಪ್ರಾಯದಲ್ಲಿ ಈ ಬನವಾಸಿಯ ಆಡಳಿತ ನೋಡಿಕೊಂಡವನು. ದೊರೆಮಕ್ಕಳು ರಾಜ್ಯಭಾರ ಕಲಿಯುವ ನೆಲ ಇದಾಗಿತ್ತು.

ಇಲ್ಲಿ ಏಳು, ಹದಿನಾಲ್ಕು ಎಂಬ ಲೆಕ್ಕ ಇರಲಿಲ್ಲ. ಊರಿನ ಹುಡುಗ ದನ ಕಾಯುತ್ತ, ಬೇಟೆಯಾಡುತ್ತ ಬಿಲ್ಲು ಹಿಡಿದವನು. ಅರಮನೆಗೆ ಹತ್ತಿರದವರಿಗೆ ಮಾತ್ರ ಕ್ರಮಬದ್ಧ ತಾಲೀಮು. ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ತಯಾರು ಮಾಡುವ ವಿವರ ಇದೆ: ಭಾರ ಎತ್ತುವುದು, ಬೆಳಗಿನ ನಡಿಗೆ, ನೀರಿನಲ್ಲಿ ಈಜು, ಕಂಬ ಹಿಡಿದು ಕಸರತ್ತು, ಜೊತೆಯವನೊಡನೆ ತೋಳ್ಬಲದ ಅಭ್ಯಾಸ. ಇಂದಿನ ಗರಡಿಮನೆಯ ಪೈಲ್ವಾನರಿಗೆ ಇದರಲ್ಲಿ ಹೊಸದೇನೂ ಕಾಣದು.

ಪುಸ್ತಕ ಬಿಟ್ಟು ಕತ್ತಿ ಹಿಡಿದವನ ದೊಡ್ಡ ಉದಾಹರಣೆಯೂ ಈ ನೆಲದ್ದೇ. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದಲ್ಲಿ ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಶಾಸನ ಇದೆ. ಮಯೂರಶರ್ಮ ಗುರು ವೀರಶರ್ಮನೊಡನೆ ಓದಲು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾದದ್ದು, ದರ್ಭೆ, ಸಮಿತ್ತು, ಸ್ರುಕ್ಕು ಹಿಡಿದು ರೂಢಿಯಾದ ಕೈಯಲ್ಲಿ ಅವನು ಕತ್ತಿ ಎತ್ತಿದ್ದು ಎಲ್ಲ ಅದರಲ್ಲಿ ದಾಖಲಾಗಿದೆ. ಶ್ರೀಪರ್ವತದ ಕಾಡು ಸೇರಿ, ಗಡಿಯ ಬಾಣರಿಂದ ಕಪ್ಪ ವಸೂಲು ಮಾಡಿದ. ಕಡೆಗೆ ಪಲ್ಲವರೇ ಅವನ ಅರಸುತನವನ್ನು ಒಪ್ಪುವಂತಾಯಿತು. ಅವನಿಂದ ಶುರುವಾದ ಕದಂಬರ ರಾಜಧಾನಿ ಬನವಾಸಿ. ಇವತ್ತು ಅದು ಶಿರಸಿ ತಾಲೂಕಿನ ಊರು.

ಮಯೂರ ಅರಸನಾದ. ಸಾಮಾನ್ಯ ಹುಡುಗ ಆಳಾಗುತ್ತಿದ್ದ. ಆಳಾಗುವುದಕ್ಕೆ ಇದ್ದ ಹೆಸರುಗಳೇ ಆ ಒಪ್ಪಂದವನ್ನು ಬಿಡಿಸಿ ಹೇಳುತ್ತವೆ.

‘ಜೋಳವಾಳಿ’ ಅಥವಾ ‘ಜೋಳದ ಪಾಳಿ’ ಎಂದರೆ ಉಂಡ ಜೋಳದ ಋಣ. ಒಡೆಯ ಅನ್ನ ಹಾಕಿದ್ದಾನೆ, ಹೊತ್ತು ಬಂದಾಗ ಪ್ರಾಣ ಕೊಡಬೇಕು. ನಮ್ಮ ಕಡೆ ಗದ್ದೆಯಲ್ಲಿ ಬೆಳೆಯುವುದು ಭತ್ತ. ಮಾತು ಮಾತ್ರ ಬಯಲುಸೀಮೆಯ ಜೋಳದ್ದು. ಬನವಾಸಿಯನ್ನು ಮನಸಾರೆ ಹೊಗಳಿದ ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದಾಗ ಅವನ ಕರ್ಣನನ್ನು ಕಾಡುವುದೂ ಇದೇ ಅನ್ನದ ಋಣ.

‘ಲೆಂಕವಾಳಿ’ ಇನ್ನೂ ಬಿಗಿ. ಲೆಂಕ ಎಂದರೆ ಒಡೆಯನಿಗೆ ತನ್ನನ್ನೇ ಒಪ್ಪಿಸಿಕೊಂಡ ಆಳು. ‘ವೇಳೆವಾಳಿ’ ಎಲ್ಲಕ್ಕಿಂತ ಕಠಿಣ: ಒಡೆಯ ಸತ್ತ ವೇಳೆಗೆ ತಾನೂ ಸಾಯುತ್ತೇನೆಂಬ ಮಾತು. ಹೊಯ್ಸಳರ ನಾಡಿನಲ್ಲಿ ಇಂಥವರನ್ನು ‘ಗರುಡ’ರೆಂದು ಕರೆದರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಇಂಥದೊಂದು ಕಂಬ ಇದೆ. ಇಮ್ಮಡಿ ವೀರಬಲ್ಲಾಳ ಮಗನಂತೆ ಸಾಕಿದ ಕುವರಲಕ್ಷ್ಮ ದಂಡನಾಯಕ 1220ರಲ್ಲಿ ದೊರೆ ತೀರಿಹೋದಾಗ ಹೆಂಡತಿ ಸುಗ್ಗಲದೇವಿ ಹಾಗೂ ತನ್ನ ಸಾವಿರ ಆಳುಗಳ ಜೊತೆ ಪ್ರಾಣಬಿಟ್ಟ. ಕತ್ತಿಯಿಂದ ತಮ್ಮ ಕೊರಳನ್ನೇ ಕೊಯ್ದುಕೊಳ್ಳುವ ಆಳುಗಳ ಚಿತ್ರ ಆ ಕಂಬದ ಸುತ್ತ ಇದೆ.

ಈ ಮಾತುಗಳನ್ನು ಕನ್ನಡ ಶಾಸನಗಳಿಂದ ಹೆಕ್ಕಿ ವಿವರಿಸಿದವರಲ್ಲಿ ಎಂ. ಚಿದಾನಂದಮೂರ್ತಿ ಮುಖ್ಯರು. ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಹಿಡಿದು ಕುಳಿತರೆ ಹೊಲದ ಕಲ್ಲಿಗೂ ಒಂದು ಪದಕೋಶ ಸಿಕ್ಕಂತೆ.

ಕಾಳಗ ಯಾತಕ್ಕೆ ಆಯಿತು

ನಮ್ಮ ಹುಡುಗ ಜೆರುಸಲೇಮಿಗೆ ಹೋಗಲಿಲ್ಲ. ಬಹಳ ಸಲ ಊರಿನ ಗಡಿಯನ್ನೂ ದಾಟಲಿಲ್ಲ. ಶಾಸನಗಳು ಹೇಳುವ ಕಾರಣಗಳು ನಾಲ್ಕಾರು, ಅವುಗಳ ಹೆಸರು ತಿಳಿದರೆ ಸಾಕು.

‘ತುರುಗೊಳ್’ ಎಂದರೆ ದನ ಹಿಡಿಯುವುದು. ತುರು ಎಂದರೆ ದನ. ನಾಣ್ಯ ಕಡಿಮೆಯಿದ್ದ ಕಾಲದಲ್ಲಿ ಊರಿನ ಸಂಪತ್ತು ಕೊಟ್ಟಿಗೆಯಲ್ಲೇ ಇತ್ತು, ಮತ್ತು ಸಂಪತ್ತು ತನ್ನ ಕಾಲಮೇಲೆ ತಾನೇ ನಡೆಯುತ್ತಿತ್ತು. ಪಕ್ಕದ ನಾಡಿನವರಿಗೆ ಕದಿಯಲು ಇದಕ್ಕಿಂತ ಸುಲಭದ್ದಿಲ್ಲ. ಹಿಡಿದು ಹೊಡೆದುಕೊಂಡು ಹೋಗುವವರ ಬೆನ್ನಟ್ಟಿ ‘ತುರುವ ಮರಳಿಸಿ’ ಸತ್ತವರ ಕಲ್ಲುಗಳು ಕರ್ನಾಟಕದ ತುಂಬ ಇವೆ.

‘ಊರಳಿವು’ ಎಂದರೆ ಊರಿಗೇ ದಾಳಿ. ‘ಪೆಣ್ಬುಯ್ಯಲ್’ ಎಂದರೆ ಹೆಂಗಸರನ್ನು ಎಳೆದೊಯ್ಯುವಾಗ ಎದ್ದ ಹುಯಿಲು. ಗಡಿ ತಕರಾರು, ಕಳ್ಳರ ಗುಂಪು, ಹುಲಿ, ಹಂದಿ ಎಲ್ಲಕ್ಕೂ ಕಲ್ಲುಗಳಿವೆ. ದೊಡ್ಡ ಯುದ್ಧ ಆಗೀಗ ಬಂದುಹೋಗುತ್ತಿತ್ತು. 1196ರಲ್ಲಿ ಇಮ್ಮಡಿ ಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಂಥ ಹೊತ್ತಿನಲ್ಲಿ ಬನವಾಸಿ ನಾಡಿನ ಆಳುಗಳು ಯಾರದೋ ದಂಡಿನಲ್ಲಿ ಇರಲೇಬೇಕು. ಹಾನಗಲ್ಲಿನ ಕದಂಬರು ಉತ್ತರಕ್ಕೆ, ಹೊಂಬುಜದ ಸಾಂತರರು ದಕ್ಷಿಣಕ್ಕೆ, ಗೋವೆಯ ಕದಂಬರು ಘಟ್ಟದ ಆಚೆ. ಇವರ ನಡುವಿನ ಘಟ್ಟದ ದಾರಿಗಳಲ್ಲಿ ಇದ್ದವರು ನಮ್ಮವರು.

ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದೆಲ್ಲ ಹೊಸದಲ್ಲ. ಅಭಿಮನ್ಯು ಕಾಳಗದಲ್ಲಿ ಮೀಸೆ ಚಿಗುರದ ಹುಡುಗ ತಾಯಿಯನ್ನು ಬೀಳ್ಕೊಳ್ಳುವುದು, ಸುಧನ್ವಾರ್ಜುನದಲ್ಲಿ ಹೆಂಡತಿಯ ಮಾತಿಗೆ ನಿಂತು ತಡವಾಗಿ ರಣಕ್ಕೆ ಬಂದವನಿಗೆ ಕಾದ ಎಣ್ಣೆಯ ಕೊಪ್ಪರಿಗೆಯ ಶಿಕ್ಷೆ. ಬೆಳಗಿನ ಜಾವದಲ್ಲಿ ಪುಂಡುವೇಷಕ್ಕೆ ಕಣ್ಣೊರೆಸಿಕೊಂಡ ನಾವು ಮನೆಗೆ ಬರುವ ದಾರಿಯಲ್ಲಿ ನಮ್ಮೂರಿನ ಸುಧನ್ವನನ್ನು ದಾಟಿಯೇ ಬರುತ್ತೇವೆ.

ಕೆಳಗಿನಿಂದ ಮೇಲಕ್ಕೆ

ಪುಸ್ತಕ ಓದುವುದು ಮೇಲಿಂದ ಕೆಳಕ್ಕೆ, ವೀರಗಲ್ಲು ಓದುವುದು ಕೆಳಗಿನಿಂದ ಮೇಲಕ್ಕೆ. ಹೆಚ್ಚಿನವು ಮೂರು ಅಂತಸ್ತಿನವು. ಎರಡು, ನಾಲ್ಕು, ಐದು ಅಂತಸ್ತಿನವೂ ಇವೆ.

ಕೆಳಗಿನ ಅಂತಸ್ತು ಭೂಮಿ. ಇಲ್ಲಿ ಅವನು ಸಾಯುವ ಗಳಿಗೆ. ಉಳಿದವರಿಗಿಂತ ದೊಡ್ಡದಾಗಿ ಕಾಣುವವನೇ ವೀರ. ಕೂದಲನ್ನು ಹಿಂದಕ್ಕೆ ತುರುಬು ಕಟ್ಟಿರುತ್ತಾನೆ, ಸೊಂಟದಲ್ಲಿ ಬಿಗಿದ ಬಟ್ಟೆ. ಕೈಯಲ್ಲಿರುವುದನ್ನು ಗಮನಿಸಿ: ಬಿಲ್ಲೋ, ಕತ್ತಿ-ಗುರಾಣಿಯೋ, ಈಟಿಯೋ? ಕುದುರೆ ಮೇಲಿದ್ದಾನೆಯೇ, ನೆಲದ ಮೇಲಿದ್ದಾನೆಯೇ? ಕುದುರೆಯಿದ್ದರೆ ಅನುಕೂಲಸ್ಥ, ತಲೆಯ ಮೇಲೆ ಕೊಡೆ ಹಿಡಿದಿದ್ದರೆ ನಾಯಕನ ಅಂತಸ್ತಿನವನು. ಬರಿಗಾಲಲ್ಲಿ ಬಿಲ್ಲು ಹಿಡಿದು ಒಬ್ಬನೇ ನಿಂತವನು ಊರಿನ ಸಾಮಾನ್ಯ ಹುಡುಗ. ಆಮೇಲೆ ಅಂಚು ನೋಡಿ. ದನಗಳಿದ್ದರೆ ತುರುಗೊಳ್. ಮನೆ, ಕೋಟೆಯ ಗುರುತಿದ್ದರೆ ಊರಳಿವು. ಹೆಂಗಸಿನ ಆಕೃತಿ ಗುಂಪಿನ ನಡುವೆ ಇದ್ದರೆ ಪೆಣ್ಬುಯ್ಯಲ್. ಎದುರಿಗೆ ಹುಲಿಯಿದ್ದರೆ ಮತ್ತೇನೂ ಹೇಳುವುದು ಬೇಡ.

ನಡುವಿನ ಅಂತಸ್ತು ದಾರಿ. ಸತ್ತವನನ್ನು ಎರಡೂ ಬದಿಯಿಂದ ಅಪ್ಸರೆಯರು ಎತ್ತಿಕೊಂಡಿರುತ್ತಾರೆ, ಇಲ್ಲವೇ ವಿಮಾನದಲ್ಲಿ ಕೂರಿಸಿ ಚಾಮರ ಬೀಸುತ್ತಿರುತ್ತಾರೆ. ಕೆಳಗೆ ಕಾದಾಡುವಾಗ ಬಿಗಿದ ಮೈ ಇಲ್ಲಿ ಸಡಿಲ.

ಮೇಲಿನ ಅಂತಸ್ತು ಕೈಲಾಸ. ನಡುವೆ ಲಿಂಗ, ಒಂದು ಕಡೆ ಪೂಜಾರಿ, ಬಸವ, ಇನ್ನೊಂದು ಕಡೆ ಕೈಮುಗಿದು ಕುಳಿತ ಅದೇ ಹುಡುಗ. ಲಿಂಗದ ಜಾಗದಲ್ಲಿ ಜಿನಬಿಂಬ ಇದ್ದರೆ ಅವನ ಮನೆಯವರು ಜೈನರು. ನೆತ್ತಿಯಲ್ಲಿ ಸೂರ್ಯ, ಚಂದ್ರ: ಅವು ಇರುವ ತನಕ ಇವನ ಹೆಸರೂ ಇರಲಿ ಎಂಬ ಆಸೆ.

ನಮ್ಮ ಹಳ್ಳದ ಕಲ್ಲಿನಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಆ ಕರು. ಉಳಿದ ದನಗಳೆಲ್ಲ ಕಳ್ಳರ ಕಡೆಗೆ ಮುಖ ಮಾಡಿವೆ. ಕರು ಮಾತ್ರ ಕತ್ತು ತಿರುಗಿಸಿ ಹುಡುಗನನ್ನು ನೋಡುತ್ತಿದೆ. ಗೇಣುದ್ದದ ಆ ಜಾಗದಲ್ಲಿ ಶಿಲ್ಪಿ ಅದರ ಕಿವಿಯನ್ನೂ ಹಿಂದಕ್ಕೆ ಮಡಚಿದ್ದಾನೆ. ಕಾಡಿಗೆ ಬಿಟ್ಟ ಕರು ಕರೆದಾಗ ಹೀಗೇ ತಿರುಗುತ್ತದೆ. ಕಲ್ಲು ಕಡಿದವನಿಗೂ ಕೊಟ್ಟಿಗೆ ಇತ್ತು.

ಅಕ್ಷರ ಇದ್ದರೆ

ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಬರಹ ಇರುತ್ತದೆ. ಎಲ್ಲ ಕಲ್ಲಿಗೂ ಇರುವುದಿಲ್ಲ. ಇದ್ದರೆ ಕ್ರಮ ಹೆಚ್ಚುಕಡಿಮೆ ಒಂದೇ: ಆಳುವ ದೊರೆಯ ಹೆಸರು, ವರ್ಷ, ನಾಡು ನೋಡಿಕೊಳ್ಳುವವನ ಹೆಸರು, ಊರು, ‘ಇಂಥವನ ಮಗ ಇಂಥವ’, ಯಾವ ಕಾಳಗ, ಕಡೆಗೆ ಕಲ್ಲು ನಿಲ್ಲಿಸಿದವರು. ಹಳಗನ್ನಡ ಬಾರದಿದ್ದರೂ ಕೆಲವು ಮಾತು ಹುಡುಕಿ. ‘ಕಾದಿ’ ಎಂದರೆ ಹೋರಾಡಿ. ‘ಸುರಲೋಕಪ್ರಾಪ್ತ’ ಎಂದರೆ ತೀರಿಹೋದ. ಈಗ ಬಳಕೆ ತಪ್ಪಿದ ಱ, ೞ ಎಂಬ ಎರಡು ಅಕ್ಷರ ಕಂಡರೆ ಬೆರಗಾಗಬೇಡಿ, ಒಂದನ್ನು ‘ರ’, ಇನ್ನೊಂದನ್ನು ‘ಳ’ ಎಂದು ಓದಿಕೊಂಡರೆ ಅರ್ಥ ಹತ್ತುತ್ತದೆ.

ತಾರೀಖಿನ ಲೆಕ್ಕ ಸುಲಭ. ಶಕವರ್ಷ ಇದ್ದರೆ 78 ಕೂಡಿ. ಶಕ 1017 ಎಂದರೆ 1095. ‘ಚಾಳುಕ್ಯ ವಿಕ್ರಮ ವರ್ಷ’ ಎಂದಿದ್ದರೆ ಅದು ವಿಕ್ರಮಾದಿತ್ಯ ಪಟ್ಟಕ್ಕೆ ಬಂದ 1076ರಿಂದ ಶುರುವಾದ ಎಣಿಕೆ, ಆದ್ದರಿಂದ 1075 ಕೂಡಿ. ಚಾಳುಕ್ಯ ವಿಕ್ರಮ ವರ್ಷ 20 ಕೂಡ 1095 ಆಗುತ್ತದೆ. ಜೊತೆಗೆ ಸಂವತ್ಸರದ ಹೆಸರಿದ್ದರೆ ತಾಳೆ ನೋಡಬಹುದು. ಆ ವರ್ಷದ್ದು ಯುವ ಸಂವತ್ಸರ. ವರ್ಷವೇ ಇಲ್ಲದೆ ಸಂವತ್ಸರ ಮಾತ್ರ ಇದ್ದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆಂಬುದು ನೆನಪಿರಲಿ, ದೊರೆಯ ಹೆಸರಿಲ್ಲದೆ ಕಾಲ ತೀರ್ಮಾನ ಮಾಡಬೇಡಿ.

ಸತ್ತವನ ಮನೆಗೆ ಏನು ಸಿಕ್ಕಿತು ಎಂಬುದೂ ಕೆಲವು ಕಲ್ಲುಗಳಲ್ಲಿ ಇರುತ್ತದೆ. ‘ಕೊಡಗೆ’, ‘ನೆತ್ತರುಗೊಡಗೆ’, ‘ಕಲ್ನಾಡು’ ಎಂದರೆ ವೀರನ ನೆನಪಿಗೆ ಬಿಟ್ಟ ಭೂಮಿ. ‘ಬಾಳ್ಗಚ್ಚು’ ಎಂದರೆ ಬಾಳು, ಅಂದರೆ ಕತ್ತಿಯನ್ನು ತೊಳೆದು ಕೊಟ್ಟ ಗೌರವದ ದತ್ತಿ. ಈ ಪದ್ಧತಿ ಕನ್ನಡ ಬರಹದಷ್ಟೇ ಹಳೆಯದು. ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ಕದಂಬರ ಕಡೆ ಕಾದಿದ ವಿಜಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎರಡು ಊರು ಬಂದದ್ದು ಬಾಳ್ಗಚ್ಚಾಗಿಯೇ. ಎಳೆಯ ಮಗ ಸತ್ತ ಮನೆಗೆ ಒಂದು ಗದ್ದೆ, ಊರಿಗೆ ಒಂದು ಕಲ್ಲು. ಇದು ಆಗಿನ ಪರಿಹಾರ. ಮುಂದಿನ ಹುಡುಗ ಕತ್ತಿ ಹಿಡಿಯಲು ಹೊರಟಾಗ ದಾರಿಯಲ್ಲಿ ಆ ಕಲ್ಲನ್ನು ನೋಡಿಯೇ ಹೊರಡುತ್ತಿದ್ದ. ಕಲ್ಲು ನೆನಪಿಗೂ ಹೌದು, ಆಳು ಸೇರಿಸುವುದಕ್ಕೂ ಹೌದು. ಅಪ್ಸರೆಯರ ಚಿತ್ರವನ್ನು ನೋಡಿ ಮೆಚ್ಚುವಾಗ ಇದನ್ನೂ ನೆನೆಯಬೇಕು. ಆ ತಾಯಿಯ ಮಾತು ಯಾವ ಅಂತಸ್ತಿನಲ್ಲೂ ಇಲ್ಲ.

ನಮ್ಮ ಕಲ್ಲುಗಳು ಯಾಕೆ ಹಿಂದೆ ಬಿದ್ದವು

ಹಳೆ ಮೈಸೂರಿನ ಶಾಸನಗಳನ್ನು ಬಿ. ಎಲ್. ರೈಸ್ ಊರೂರು ತಿರುಗಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಪಕ್ಕದ ಸೊರಬ, ಸಾಗರದ ಕಲ್ಲುಗಳು ಅದರಲ್ಲಿ ಸೇರಿದವು. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು, ರೈಸ್ ಅವರ ಪಟ್ಟಿಗೆ ಬರಲಿಲ್ಲ. ಆಮೇಲಿನ ಸಂಪುಟಗಳಲ್ಲಿ ಎಷ್ಟೋ ಪ್ರಕಟವಾದರೂ ಅಕ್ಷರವಿಲ್ಲದ, ಬರಿ ಚಿತ್ರದ ಕಲ್ಲುಗಳನ್ನು ಶಾಸನದ ಪಟ್ಟಿ ಎಣಿಸುವುದೇ ಇಲ್ಲ. ಅವುಗಳ ಲೆಕ್ಕ ಇಡಬೇಕಾದವರು ಊರಿನವರೇ.

ಮಾಡಬೇಕಾದ್ದು, ಮಾಡಬಾರದ್ದು

ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಇಳಿಬಿಸಿಲಿಗೆ ಹೋಗಿ. ನೆತ್ತಿಯ ಬಿಸಿಲಿಗೆ ಕೆತ್ತನೆ ಕಾಣದು. ತೋಟದ ನೆರಳಿನಲ್ಲಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗಿಸಿ ಅಡ್ಡ ಬೆಳಕು ಬಿಡಿ, ಸವೆದ ಗೆರೆಯೂ ಎದ್ದು ಬರುತ್ತದೆ. ಇಡೀ ಕಲ್ಲು, ಪ್ರತಿ ಅಂತಸ್ತು, ಪ್ರತಿ ಸಾಲು ಬರಹ ಬೇರೆ ಬೇರೆಯಾಗಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಗೊಂದು ಸ್ಕೇಲು ಇಡಿ. ಸಡಿಲ ಮಣ್ಣು, ಒಣಗಿದ ಎಲೆ ತೆಗೆಯಲು ಮೆತ್ತನೆಯ ಬ್ರಷ್, ಸ್ವಲ್ಪ ನೀರು ಸಾಕು.

ತಂತಿ ಬ್ರಷ್, ಆ್ಯಸಿಡ್, ಸೋಪಿನ ಪುಡಿ ಬೇಡ. ಅಕ್ಷರ ಕಾಣಲೆಂದು ಸೀಮೆಸುಣ್ಣ ತೀಡುವುದು, ಬಣ್ಣ ಬಳಿಯುವುದು ಬೇಡ. ಸಿಮೆಂಟು ಕಟ್ಟೆ ಕಟ್ಟುವಾಗ ಕೆಳಗಿನ ಅಂತಸ್ತು ಹೂತುಹೋಗುತ್ತದೆ, ದನಗಳಿರುವುದೂ ಅಲ್ಲೇ. ಒದ್ದೆ ಕಾಗದ ಬಡಿದು ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ಕಲಿತವರಿಗೇ ಬಿಡಿ.

ಕಲ್ಲನ್ನು ಕಿತ್ತು ಮನೆಯಂಗಳಕ್ಕೆ ತರಬೇಡಿ. ಯಾವ ಹಳ್ಳದ ದಂಡೆಯಲ್ಲಿ ನಿಂತಿದೆ ಎಂಬುದೂ ಅದರ ಕಥೆಯ ಒಂದು ಭಾಗ. ಅನೇಕ ಸಲ ಕಾಳಗ ಆದ ಜಾಗವೇ ಅದು. ನೂರು ವರ್ಷ ದಾಟಿದ ಶಿಲ್ಪ 1972ರ ಪುರಾವಸ್ತು ಕಾಯ್ದೆಗೆ ಒಳಪಡುತ್ತದೆ, ಬೇಕೆಂದ ಹಾಗೆ ಮಾರುವ, ವಿದೇಶಕ್ಕೆ ಸಾಗಿಸುವ ವಸ್ತುವಲ್ಲ. ಗದ್ದೆ ಉಳುವಾಗ, ಬಾವಿ ತೋಡುವಾಗ ಹೊಸದಾಗಿ ಸಿಕ್ಕರೆ ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ.

ಪೂಜೆ ಬಿಡಬೇಕಾಗಿಲ್ಲ. ಇಷ್ಟು ಶತಮಾನ ಆ ಕಲ್ಲು ಬದುಕಿದ್ದೇ ಯಾರೋ ‘ಮುಟ್ಟಡ’ ಎಂದು ಹೇಳುತ್ತ ಬಂದದ್ದರಿಂದ. ಎಣ್ಣೆ ಸುರಿಯುವ ಬದಲು ಹೂವಿಡಿ. ಕಾಯಿಯನ್ನು ಮಾತ್ರ ಅವನ ಮೇಲೆ ಒಡೆಯಬೇಡಿ, ಪಕ್ಕದಲ್ಲೊಂದು ಚಿರೆಕಲ್ಲು ಇಟ್ಟು ಅದರ ಮೇಲೆ ಒಡೆಯಿರಿ.